630 ಆರ್ಡರಿನಲ್ಲಿ ಜರ್ನಿಯ ಪಾಲೆಷ್ಟು?

ಕಾರ್ಟಿಗೆ ಸೀರೆ ಹಾಕಿ ಹಣ ಕಟ್ಟದೆ ಹೋದ ಗ್ರಾಹಕರಿಗೆ ಒಂದು ಗಂಟೆ ಬಿಟ್ಟು ವಾಟ್ಸಾಪ್ ಸಂದೇಶ, ಮರುದಿನ ಶೇ. 10ರ ಕೂಪನ್. ಆನ್‌ಲೈನ್ ಅಂಗಡಿ ಇಟ್ಟವರು ಮಾರ್ಕೆಟಿಂಗ್ ಸಾಫ್ಟ್‌ವೇರ್ ಕೊಂಡಮೇಲೆ ಸಾಮಾನ್ಯವಾಗಿ ಮೊದಲು ಕಟ್ಟುವ ಜರ್ನಿ, ಅಂದರೆ ತಾನಾಗಿ ಹೋಗುವ ಸಂದೇಶಗಳ ಸರಪಳಿ, ಇದೇ. ಬೆಂಗಳೂರಿನಲ್ಲಿ ಹುಟ್ಟಿದ ಮೋಎಂಗೇಜ್ ಇದನ್ನು ಫ್ಲೋ ಎನ್ನುತ್ತದೆ, ಬ್ರೇಜ್ ಕ್ಯಾನ್ವಾಸ್ ಎನ್ನುತ್ತದೆ, ಸೇಲ್ಸ್‌ಫೋರ್ಸ್‌ನಲ್ಲಿ ಜರ್ನಿ ಬಿಲ್ಡರ್. ಹೆಸರು ಏನೇ ಇರಲಿ, ಒಳಗಿರುವುದು ಅವೇ ಐದು: ಯಾರು ಒಳಗೆ ಬರಬೇಕು, ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಕವಲೊಡೆಯಬೇಕು, ಏನು ಕಳಿಸಬೇಕು, ಯಾವಾಗ ಹೊರಗೆ ಹೋಗಬೇಕು.

ಇಂಥ ಜರ್ನಿಯ ಡ್ಯಾಶ್‌ಬೋರ್ಡ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅನುಮಾನ ಶುರುವಾಗಬೇಕಾದದ್ದು ಅಲ್ಲೇ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ, ಅಂಕಿಗಳನ್ನು ಸುಲಭಕ್ಕೆ ದುಂಡಾಗಿಸಿದ್ದೇನೆ. ತಿಂಗಳಿಗೆ 10,000 ಮಂದಿ ಕಾರ್ಟ್ ಬಿಟ್ಟು ಹೋದರು. 9,000 ಮಂದಿಗೆ ತಲಾ 2 ಸಂದೇಶ ಹೋಯಿತು, ಒಂದಕ್ಕೆ 1 ರೂಪಾಯಿಯಂತೆ 18,000 ರೂಪಾಯಿ ಖರ್ಚು. ಅವರಲ್ಲಿ 630 ಮಂದಿ ಕೊಂಡರು, ಸರಾಸರಿ ಬಿಲ್ 800 ರೂಪಾಯಿ. ಡ್ಯಾಶ್‌ಬೋರ್ಡ್ ಹೇಳುವುದು: ಜರ್ನಿಯಿಂದ ಬಂದ ಮಾರಾಟ 5,04,000 ರೂಪಾಯಿ, ಹಾಕಿದ ದುಡ್ಡಿಗೆ 28 ಪಟ್ಟು.

ಉಳಿದ 1,000 ಮಂದಿಗೆ ಬೇಕೆಂದೇ ಏನೂ ಕಳಿಸಿರಲಿಲ್ಲ. ಅವರಲ್ಲೂ 60 ಮಂದಿ ತಾವಾಗಿಯೇ ವಾಪಸ್ಸು ಬಂದು ಕೊಂಡರು. ಅಂದರೆ ಸಂದೇಶ ಹೋದವರಲ್ಲಿ ಶೇ. 7, ಹೋಗದವರಲ್ಲಿ ಶೇ. 6. ಜರ್ನಿ ತಂದದ್ದು ಆ ಶೇ. 1 ಮಾತ್ರ, 9,000ಕ್ಕೆ 90 ಆರ್ಡರು. ಮಿಕ್ಕ 540 ಹೇಗೂ ಬರುತ್ತಿದ್ದವು. ಅವನ್ನೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವ ಸಾಫ್ಟ್‌ವೇರ್, ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಎಂದ ಅಜ್ಜಿಯ ಹಾಗೆ.

ಇನ್ನು ದುಡ್ಡಿಗೆ ಬನ್ನಿ. ಕೂಪನ್‌ಗೆ ಮುಂಚಿನ ಲಾಭಾಂಶ ಶೇ. 30 ಎಂದರೆ ಆರ್ಡರಿಗೆ 240 ರೂಪಾಯಿ. 90 ಆರ್ಡರಿಗೆ 21,600. ಇದರಲ್ಲಿ ಸಂದೇಶದ 18,000 ಕಳೆಯಿರಿ. ಕೂಪನ್ ಬಳಸಿದವರು ಆ 90 ಮಂದಿ ಮಾತ್ರ ಅಲ್ಲ. 630ರಲ್ಲಿ 400 ಮಂದಿ ಬಳಸಿದರು ಎಂದಿಟ್ಟುಕೊಳ್ಳಿ, ತಲಾ 80 ರೂಪಾಯಿಯಂತೆ 32,000. ಹೇಗೂ ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವರಿಗೂ ರಿಯಾಯಿತಿ ಹಂಚಿದಂತಾಯಿತು. ಕೊನೆಗೆ ಕೈಯಿಂದ ಹೋದದ್ದು 28,400 ರೂಪಾಯಿ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇನ್ನೂ 28 ಪಟ್ಟು ಹಸಿರು ಬಣ್ಣದಲ್ಲಿ ಇದೆ.

ಸಾಫ್ಟ್‌ವೇರ್ ಸುಳ್ಳು ಹೇಳುತ್ತಿದೆ ಎಂದಲ್ಲ. ಸಂದೇಶ ಹೋದ ಮೇಲೆ ಇಂತಿಷ್ಟು ದಿನದೊಳಗೆ ನಡೆದ ಖರೀದಿಯನ್ನೆಲ್ಲ ಆ ಸಂದೇಶದ ಖಾತೆಗೆ ಸೇರಿಸು ಎಂಬ ನಿಯಮ ಸೆಟ್ಟಿಂಗ್ಸ್‌ನಲ್ಲಿದೆ, ಅದರಂತೆ ಸೇರಿಸುತ್ತದೆ. ಅದೇ ಅಟ್ರಿಬ್ಯೂಷನ್ ಅವಧಿ. 1 ದಿನ ಇದ್ದದ್ದನ್ನು 7 ದಿನ ಮಾಡಿ ನೋಡಿ, ಒಂದು ಅಕ್ಷರ ಬದಲಾಯಿಸದೆ ಜರ್ನಿಯ ‘ಆದಾಯ’ ಏರುತ್ತದೆ. ಎರಡು ಸಾಫ್ಟ್‌ವೇರ್‌ಗಳ ವರದಿಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವವರು ಮೊದಲು ಈ ಅವಧಿ ಒಂದೇ ಇದೆಯೇ ಎಂದು ನೋಡಬೇಕು.

ಕಳಿಸದೆ ಬಿಡುವ ಗುಂಪು

ಆ 1,000 ಮಂದಿಯ ಗುಂಪಿಗೆ ಕಂಟ್ರೋಲ್ ಅಥವಾ ಹೋಲ್ಡ್‌ಔಟ್ ಎನ್ನುತ್ತಾರೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಸೌಲಭ್ಯ ಇದ್ದೇ ಇದೆ. ಆನ್ ಮಾಡುವವರು ಕಡಿಮೆ, ಸರಿಯಾಗಿ ಆನ್ ಮಾಡುವವರು ಇನ್ನೂ ಕಡಿಮೆ. ತಪ್ಪುವ ಜಾಗಗಳು ಹೆಚ್ಚುಕಡಿಮೆ ಎಲ್ಲೆಡೆ ಅವೇ.

ಬೇರ್ಪಡಿಸುವ ಕವಲು ಜರ್ನಿಯ ಬಾಗಿಲಲ್ಲೇ ಇರಬೇಕು, ಅರ್ಹತೆಯ ಷರತ್ತುಗಳೆಲ್ಲ ಮುಗಿದ ಕೂಡಲೇ, ಮೊದಲ ಕಾಯುವಿಕೆಗೂ ಮುಂಚೆ. ಮಧ್ಯದಲ್ಲಿ ಇಟ್ಟು, ಒಂದು ಗುಂಪನ್ನು ಬಾಗಿಲಿನಿಂದ, ಇನ್ನೊಂದನ್ನು ಕವಲಿನಿಂದ ಎಣಿಸಿದರೆ ಒಂದು ಗಂಟೆಯೊಳಗೆ ತಾನಾಗಿ ಕೊಂಡವರು ಒಂದು ಕಡೆಯ ಲೆಕ್ಕದಲ್ಲಿ ಸೇರಿ ಇನ್ನೊಂದು ಕಡೆ ಬಿಟ್ಟುಹೋಗುತ್ತಾರೆ.

ಹಂಚಿಕೆ ಗ್ರಾಹಕರ ಐಡಿಯ ಮೇಲೆ ಆಗಬೇಕು, ಪ್ರವೇಶದ ಮೇಲಲ್ಲ. ಸೋಮವಾರ ಕಂಟ್ರೋಲಿನಲ್ಲಿದ್ದವರು ಗುರುವಾರ ಇನ್ನೊಂದು ಕಾರ್ಟ್ ಬಿಟ್ಟಾಗ ಸಂದೇಶದ ಗುಂಪಿಗೆ ಬಿದ್ದರೆ ಎರಡೂ ಗುಂಪು ಕಲಸಿಹೋಯಿತು. ಸಾಫ್ಟ್‌ವೇರ್ ಪ್ರತಿ ಪ್ರವೇಶಕ್ಕೂ ಹೊಸದಾಗಿ ಚೀಟಿ ಎತ್ತುವುದಾದರೆ, ಐಡಿಯ ಹ್ಯಾಷ್‌ನಿಂದ (ಒಂದು ಐಡಿಗೆ ಸದಾ ಒಂದೇ ಉತ್ತರ ಕೊಡುವ ಲೆಕ್ಕ) 0ರಿಂದ 99ರವರೆಗಿನ ಒಂದು ಅಂಕಿ ಮಾಡಿ ಗ್ರಾಹಕರ ಪ್ರೊಫೈಲಿನಲ್ಲೇ ಕಾಯಂ ಆಗಿ ಬರೆದಿಡಿ. 0–9 ಬಂದವರು ಕಂಟ್ರೋಲ್. ಫೋನ್ ನಂಬರಿನ ಗೊಂದಲವನ್ನೂ ಇದಕ್ಕೆ ಮೊದಲೇ ಬಗೆಹರಿಸಬೇಕು. ಒಬ್ಬರದೇ ನಂಬರು ಒಮ್ಮೆ ಸೊನ್ನೆಯಿಂದ, ಒಮ್ಮೆ 91ರಿಂದ, ಒಮ್ಮೆ ಬರಿಯ ಹತ್ತು ಅಂಕಿಯಾಗಿ ಬಂದರೆ ಮೂರು ಪ್ರೊಫೈಲ್ ಆಗುತ್ತವೆ, ಮೂರೂ ಬೇರೆ ಬೇರೆ ಗುಂಪಿಗೆ ಹೋಗಬಹುದು.

ಮೂರನೆಯದನ್ನು ಅನುಭವಿಗಳೂ ತಪ್ಪುತ್ತಾರೆ: ಹೋಲಿಸುವಾಗ ಸಂದೇಶ ತಲುಪಿದವರನ್ನಷ್ಟೇ ತೆಗೆದುಕೊಳ್ಳುವುದು. ಕಂಟ್ರೋಲ್ ಗುಂಪಿನಲ್ಲಿ ವಾಟ್ಸಾಪ್ ಇಲ್ಲದವರು, ನಂಬರ್ ಬದಲಾಯಿಸಿದವರು, ಬ್ಲಾಕ್ ಮಾಡಿದವರು ಎಲ್ಲ ಇದ್ದಾರೆ. ಈ ಕಡೆ ಅಂಥವರನ್ನು ಬಿಸಾಡಿ ಚುರುಕಾದವರನ್ನು ಮಾತ್ರ ಉಳಿಸಿಕೊಂಡರೆ ಜರ್ನಿ ಗೆಲ್ಲಲೇಬೇಕು. ಒಳಗೆ ಬಂದವರೆಲ್ಲರನ್ನೂ, ಸಂದೇಶ ತಲುಪಲಿ ಬಿಡಲಿ, ಲೆಕ್ಕಕ್ಕೆ ಹಿಡಿಯಿರಿ.

ಗುಂಪುಗಳ ಗಾತ್ರವನ್ನೂ ಒಮ್ಮೆ ನೋಡಿ. 10,000ದಲ್ಲಿ ಶೇ. 10 ಎಂದರೆ 1,000, ಆಕಸ್ಮಿಕವಾಗಿ 30–60 ಆಚೀಚೆ ಆಗುವುದು ಸಹಜ. 1,300 ಬಂದಿದ್ದರೆ ಅದು ಆಕಸ್ಮಿಕ ಅಲ್ಲ, ಎಲ್ಲೋ ಷರತ್ತು ಒಂದು ಗುಂಪನ್ನು ಸೋಸುತ್ತಿದೆ. ಅದನ್ನು ಹುಡುಕುವ ತನಕ ಫಲಿತಾಂಶದ ಕಡೆ ನೋಡುವುದೇ ಬೇಡ.

ಈಗ ಮೇಲಿನ ಉದಾಹರಣೆಯನ್ನೇ ಮತ್ತೆ ಅನುಮಾನಿಸೋಣ. ಶೇ. 7 ಮತ್ತು ಶೇ. 6, ವ್ಯತ್ಯಾಸ ಶೇ. 1. ಕಂಟ್ರೋಲಿನಲ್ಲಿ 1,000 ಮಂದಿ ಮಾತ್ರ ಇರುವುದರಿಂದ ಈ ವ್ಯತ್ಯಾಸದ ಶೇ. 95ರ ವಿಶ್ವಾಸ ಅಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, ಸುಮಾರು −0.6ರಿಂದ +2.6ರವರೆಗೆ. ಆರ್ಡರಿನ ಲೆಕ್ಕದಲ್ಲಿ ಜರ್ನಿ 50 ಆರ್ಡರ್ ಕಳೆದಿರಲೂಬಹುದು, 230 ತಂದಿರಲೂಬಹುದು. ಒಂದು ತಿಂಗಳ ಅಂಕಿಯಿಂದ 90 ಎಂದು ಎದೆ ತಟ್ಟಿ ಹೇಳುವಂತಿಲ್ಲ.

ಎಷ್ಟು ಮಂದಿ ಬೇಕು ಎನ್ನುವುದಕ್ಕೆ ಕೈಲೆಕ್ಕದ ಸೂತ್ರ ಒಂದಿದೆ: ಪ್ರತಿ ಗುಂಪಿಗೆ 16 × ಪಿ × (1 − ಪಿ) ÷ ಡಿ ವರ್ಗ. ಪಿ ಎಂದರೆ ಈಗಿನ ಖರೀದಿ ಪ್ರಮಾಣ, ಡಿ ಎಂದರೆ ನೀವು ಕಂಡುಹಿಡಿಯಬೇಕೆಂದಿರುವ ವ್ಯತ್ಯಾಸ. ಪಿ 0.06, ಡಿ 0.01 ಆದರೆ ಗುಂಪಿಗೆ ಸುಮಾರು 9,000, ಒಟ್ಟು 18,000. ಇದು ಅರ್ಧಕ್ಕರ್ಧ ಹಂಚಿದಾಗಿನ ಮಾತು. 90–10 ಹಂಚಿದರೆ ಅಷ್ಟೇ ಖಚಿತತೆಗೆ ಒಟ್ಟು ಸುಮಾರು 50,000 ಮಂದಿ ಬೇಕು. ಆದ್ದರಿಂದ ಹೊಸ ಜರ್ನಿಯನ್ನು ಮೊದಲ ಎರಡು ತಿಂಗಳು ಅರ್ಧಕ್ಕರ್ಧ ನಡೆಸಿ, ಉತ್ತರ ಸಿಕ್ಕಮೇಲೆ ಕಂಟ್ರೋಲನ್ನು ಶೇ. 10ಕ್ಕೆ ಇಳಿಸುವುದು ಮೇಲು. ‘ಅರ್ಧ ಗ್ರಾಹಕರಿಗೆ ಸಂದೇಶ ಕಳಿಸದಿದ್ದರೆ ಮಾರಾಟ ಹೋಗುತ್ತದಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಹೋಗುತ್ತದೆಯೇ ಎಂಬುದೇ ಪ್ರಶ್ನೆ.

ಗುರಿಯ ಸಂಖ್ಯೆ ತುಂಬುವ ಮೊದಲೇ ದಿನಾ ತೆರೆದು ನೋಡಿ, ‘ಗೆದ್ದಿದೆ’ ಎಂದು ಕಂಡ ದಿನ ನಿಲ್ಲಿಸುವುದು ಇನ್ನೊಂದು ಚಾಳಿ. ದಿನವೂ ನೋಡಿದರೆ ಯಾವುದೋ ಒಂದು ದಿನ ಆಕಸ್ಮಿಕವಾಗಿ ಗೆದ್ದಂತೆ ಕಾಣುವ ಸಾಧ್ಯತೆ ಬಹಳ. ಹಾಗೆಯೇ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರದಲ್ಲಿ ಸೀರೆಯ ಜರ್ನಿ ಪರೀಕ್ಷಿಸಿ ಬಂದ ಅಂಕಿಯನ್ನು ವರ್ಷವಿಡೀ ನಂಬಬೇಡಿ. ಆಗ ಸಂದೇಶ ಇಲ್ಲದೆಯೂ ಜನ ವಾಪಸ್ಸು ಬರುತ್ತಾರೆ.

ಯಾವುದನ್ನು ಎಣಿಸಬೇಕು

ನಮ್ಮಲ್ಲಿ ಕ್ಯಾಷ್ ಆನ್ ಡೆಲಿವರಿ ಇರುವ ತನಕ ‘ಆರ್ಡರ್ ಆಯಿತು’ ಎನ್ನುವುದನ್ನು ಗುರಿಯಾಗಿ ಇಡಬಾರದು. ಬಾಗಿಲಿಗೆ ಹೋಗಿ ವಾಪಸ್ಸು ಬಂದ ಪಾರ್ಸೆಲ್ (ರಿಟರ್ನ್ ಟು ಒರಿಜಿನ್, ಆರ್‌ಟಿಒ) ಎರಡೂ ಕಡೆಯ ಸಾಗಣೆ ಖರ್ಚು ತಿನ್ನುತ್ತದೆ. ಒತ್ತಾಯದ ಸಂದೇಶ ನೋಡಿ ಆರ್ಡರ್ ಮಾಡಿದವರು ಬಾಗಿಲಲ್ಲಿ ಬೇಡ ಎನ್ನುವ ಪ್ರಮಾಣ ಬೇರೆ ಇರಬಹುದು, ಅದನ್ನೂ ಗುಂಪುವಾರು ನೋಡಬೇಕು. ಸ್ಥಿತಿ ಬದಲಾದಾಗ ಕೊರಿಯರ್ ವ್ಯವಸ್ಥೆ ತಾನೇ ಕಳಿಸುವ ಸೂಚನೆಯಿಂದ (ವೆಬ್‌ಹುಕ್) ‘ತಲುಪಿದೆ’ ಎಂಬ ಈವೆಂಟನ್ನು (ಘಟನೆಯ ದಾಖಲೆಯನ್ನು) ಸಾಫ್ಟ್‌ವೇರಿಗೆ ಕಳಿಸಿ ಅದನ್ನೇ ಗುರಿಯಾಗಿ ಇಡಿ. ಉತ್ತರ ತಡವಾಗಿ ಬರುತ್ತದೆ ನಿಜ, ಆದರೆ ನಂಬಬಹುದು.

ಲೆಕ್ಕವನ್ನು ಪ್ರವೇಶದ ದಿನಾಂಕದ ಮೇಲೆ ಗುಂಪು ಕಟ್ಟಿ ಮಾಡಿ. ಜರ್ನಿ 3 ದಿನ, ಖರೀದಿಗೆ 7 ದಿನ ಅವಕಾಶ ಎಂದರೆ ಜೂನ್ 1ರಂದು ಬಂದವರ ಆರ್ಡರ್ ಲೆಕ್ಕ ಜೂನ್ 11ಕ್ಕೆ ಮುಗಿಯುತ್ತದೆ, ಪಾರ್ಸೆಲ್ ತಲುಪಿದ ಲೆಕ್ಕ ಅದಕ್ಕೂ ವಾರ ಆಚೆಗೆ. ಅದಕ್ಕೆ ಮೊದಲು ತೆಗೆದ ವರದಿಯಲ್ಲಿ ಇತ್ತೀಚಿನ ವಾರ ಯಾವಾಗಲೂ ಸೊರಗಿದಂತೆ ಕಾಣುತ್ತದೆ.

ಕೂಪನ್ ಬೇಕೇ ಬೇಡವೇ ಎಂಬುದಕ್ಕೆ ಎರಡಲ್ಲ, ಮೂರು ಗುಂಪು ಬೇಕು: ಸಂದೇಶವಿಲ್ಲ, ಬರಿಯ ನೆನಪೋಲೆ, ಕೂಪನ್ ಸಹಿತ ನೆನಪೋಲೆ. ನನ್ನ ಅಭಿಪ್ರಾಯ ಕೇಳಿದರೆ ಕೂಪನ್ ಮೊದಲ ಖರೀದಿಗೆ ಮಾತ್ರ, ಅದೂ ಎರಡನೇ ಸಂದೇಶದಲ್ಲಿ. ಕಾರ್ಟ್ ಬಿಟ್ಟರೆ ಕೂಪನ್ ಬರುತ್ತದೆ ಎಂದು ಗ್ರಾಹಕರು ಬೇಗ ಕಲಿಯುತ್ತಾರೆ, ಆಮೇಲೆ ಬೇಕೆಂದೇ ಬಿಟ್ಟು ಕಾಯುತ್ತಾರೆ. ಕಳೆದ 90 ದಿನದಲ್ಲಿ ಕಾರ್ಟ್ ಕೂಪನ್ ಬಳಸಿದವರನ್ನು ಆ ಕವಲಿನಿಂದ ಹೊರಗಿಡಿ.

ಬರಹಕ್ಕಿಂತ ಮುಂಚೆ ಕೊಳಾಯಿ

ಸಂದೇಶದ ಸಾಲು ತಿದ್ದುವುದರಲ್ಲಿ ವಾರಗಟ್ಟಲೆ ಹೋಗುತ್ತದೆ. ನಷ್ಟ ಆಗುತ್ತಿರುವುದು ಹೆಚ್ಚಾಗಿ ಪ್ರವೇಶ ಮತ್ತು ನಿರ್ಗಮನದ ಷರತ್ತಿನಲ್ಲಿ.

ಎಲ್ಲಕ್ಕಿಂತ ಸಿಟ್ಟು ತರಿಸುವುದು, ಕೊಂಡವರಿಗೇ ‘ನಿಮ್ಮ ಕಾರ್ಟ್ ಕಾಯುತ್ತಿದೆ’ ಎಂಬ ಸಂದೇಶ. ಯುಪಿಐ ಪಾವತಿ ಪೆಂಡಿಂಗ್‌ನಲ್ಲಿ ನಿಂತಾಗ ಗ್ರಾಹಕರ ಖಾತೆಯಿಂದ ಹಣ ಹೋಗಿರಬಹುದು, ಅಂಗಡಿಯಲ್ಲಿ ಆರ್ಡರ್ ಹುಟ್ಟಿರುವುದಿಲ್ಲ. ಸಾಫ್ಟ್‌ವೇರ್ ಕಣ್ಣಿಗೆ ಇದು ಬಿಟ್ಟ ಕಾರ್ಟ್. ಪಾವತಿ ಶುರುವಾದ ಈವೆಂಟ್ ಬಂದವರನ್ನು ಬೇರೆ ಕವಲಿಗೆ ಹಾಕಿ; ಗೇಟ್‌ವೇಯಿಂದ ಯಶಸ್ಸು ಅಥವಾ ವೈಫಲ್ಯ ಎಂಬ ಖಚಿತ ಉತ್ತರ ಬರುವವರೆಗೆ ನೆನಪೋಲೆ ಬೇಡ. ವಿಫಲವಾದವರಿಗೆ ಬೇಕಿರುವುದು ಕೂಪನ್ ಅಲ್ಲ, ಮತ್ತೆ ಹಣ ಕಟ್ಟುವ ಲಿಂಕ್.

ನಿರ್ಗಮನ ಷರತ್ತನ್ನು ಸಾಫ್ಟ್‌ವೇರ್ ಯಾವಾಗ ಪರೀಕ್ಷಿಸುತ್ತದೆ ಎಂದು ತಿಳಿದುಕೊಳ್ಳಿ. ಕೆಲವು ಈವೆಂಟ್ ಬಂದ ಕ್ಷಣ ಹೊರಹಾಕುತ್ತವೆ, ಕೆಲವು ಕಾಯುವಿಕೆ ಮುಗಿದಾಗ ಮಾತ್ರ ನೋಡುತ್ತವೆ, ಪ್ರೊಫೈಲ್ ಗಂಟೆಗೊಮ್ಮೆ ಅಪ್‌ಡೇಟ್ ಆಗುವಂತಿದ್ದರೆ ನೋಡಿದರೂ ಹಳೆಯ ಮಾಹಿತಿ. ಪ್ರತಿ ಸಂದೇಶಕ್ಕೂ ಮುಂಚೆ ‘ಈ ಕಾರ್ಟಿನ ಐಡಿಗೆ ಆರ್ಡರ್ ಇದೆಯೇ, ಸರಕು ದಾಸ್ತಾನಿನಲ್ಲಿದೆಯೇ’ ಎಂಬ ಕವಲು ಇಟ್ಟರೆ ಎರಡು ರೋಗಕ್ಕೆ ಒಂದೇ ಮದ್ದು. ಒಬ್ಬರೇ ಒಂದು ಸಂಜೆ ಮೂರು ಸಲ ಕಾರ್ಟ್ ತುಂಬಿದರೆ ಮೂರು ಜರ್ನಿ ಶುರುವಾಗದಂತೆ ಮರುಪ್ರವೇಶಕ್ಕೆ 7 ದಿನದ ಅಂತರ ಕೊಡಿ.

ಸಮಯ ವಲಯದ ಕಥೆ ಹಳೆಯದು, ಆದರೂ ತಪ್ಪುತ್ತಲೇ ಇರುತ್ತದೆ. ಖಾತೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇದ್ದರೆ ಬೆಳಿಗ್ಗೆ 10ಕ್ಕೆ ಇಟ್ಟ ಸಂದೇಶ ಇಲ್ಲಿ ಮಧ್ಯಾಹ್ನ 3:30ಕ್ಕೆ ಹೋಗುತ್ತದೆ. ವರದಿಯ ದಿನವೂ ಇಲ್ಲಿನ ಬೆಳಗಿನ 5:30ಕ್ಕೆ ಬದಲಾಗುತ್ತದೆ.

ಚಾಲ್ತಿಯಲ್ಲಿರುವ ಜರ್ನಿಯನ್ನು ತಿದ್ದಿದಾಗ ಒಳಗಿರುವವರು ಏನಾಗುತ್ತಾರೆ ಎಂಬುದೂ ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ಬೇರೆ. ಜರ್ನಿ ಬಿಲ್ಡರ್‌ನಲ್ಲಿ ಹೊಸ ಆವೃತ್ತಿ ಮಾಡಿದರೆ ಹಳೆಯವರು ಹಳೆಯದರಲ್ಲೇ ಮುಂದುವರಿಯುತ್ತಾರೆ. ವರದಿಯನ್ನು ಆವೃತ್ತಿವಾರು ತೆಗೆಯದಿದ್ದರೆ ಹೊಸದರ ಫಲ ಯಾವುದು, ಹಳೆಯದರದು ಯಾವುದು ಎಂದು ಗೊತ್ತಾಗುವುದಿಲ್ಲ.

ದಾರಿಗಳು

ವಾಟ್ಸಾಪ್‌ನಲ್ಲಿ ಕಾರ್ಟ್ ನೆನಪೋಲೆ ಮಾರ್ಕೆಟಿಂಗ್ ವರ್ಗದ ಟೆಂಪ್ಲೇಟ್ (ಮೊದಲೇ ಮಂಜೂರಾದ ಸಂದೇಶದ ಮಾದರಿ). ಯುಟಿಲಿಟಿ (ಆರ್ಡರ್ ಮಾಹಿತಿಯಂಥವುಗಳ ವರ್ಗ) ಎಂದು ತೂರಿಸಲು ಹೋದರೆ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾ ವರ್ಗ ಬದಲಾಯಿಸುತ್ತದೆ, ಬಿಲ್ಲೂ ಬದಲಾಗುತ್ತದೆ. ಒಬ್ಬರಿಗೆ ಎಲ್ಲ ಕಂಪನಿಗಳಿಂದ ಬರುವ ಮಾರ್ಕೆಟಿಂಗ್ ಸಂದೇಶಗಳಿಗೆ ಮೆಟಾ ಮಿತಿ ಹಾಕಿದೆ. ಮಿತಿ ಮೀರಿದಾಗ 131049 ಎಂಬ ಎರರ್ ಬರುತ್ತದೆ, ಅದು ನಿಮ್ಮ ಟೆಂಪ್ಲೇಟಿನ ದೋಷವಲ್ಲ, ತಕ್ಷಣ ಮತ್ತೆ ಕಳಿಸಿ ಪ್ರಯೋಜನವೂ ಇಲ್ಲ. ಜನ ಬ್ಲಾಕ್ ಅಥವಾ ರಿಪೋರ್ಟ್ ಮಾಡಿ ಗುಣಮಟ್ಟ ಕುಸಿದರೆ ಟೆಂಪ್ಲೇಟ್ ಮೊದಲ ಸಲ 3 ಗಂಟೆ, ಎರಡನೇ ಸಲ 6 ಗಂಟೆ ನಿಲ್ಲುತ್ತದೆ, ಮೂರನೇ ಸಲ ರದ್ದು. ಆಗಲೂ ಜರ್ನಿ ಓಡುತ್ತಲೇ ಇರುತ್ತದೆ, ಗ್ರಾಹಕರು ಖಾಲಿ ಹೆಜ್ಜೆಗಳನ್ನು ದಾಟುತ್ತಾ ಹೋಗುತ್ತಾರೆ. ‘ವಿಫಲವಾದರೆ’ ಎಂಬ ಕವಲು ಇಟ್ಟು ಇಮೇಲ್ ಕಡೆಗೆ ತಿರುಗಿಸಿ. ನೀಲಿ ಟಿಕ್ ಲೆಕ್ಕವನ್ನು ನಂಬಿ ಕವಲು ಕಟ್ಟಬೇಡಿ; ರೀಡ್ ರಿಸೀಟ್ ಆಫ್ ಇಟ್ಟವರು ಓದಿದರೂ ಓದದವರಂತೆಯೇ ಕಾಣುತ್ತಾರೆ.

ಇಮೇಲಿನ ಓಪನ್ ದರದ (ತೆರೆದವರ ಪ್ರಮಾಣದ) ಕಥೆ ಇದಕ್ಕೆ ತದ್ವಿರುದ್ಧ. ಮೇಲಿನೊಳಗಿನ ಚಿತ್ರ ಲೋಡ್ ಆದರೆ ತೆರೆದರು ಎಂದು ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆ ಬಂದ ಆಪಲ್‌ನ ಮೇಲ್ ಗೌಪ್ಯತಾ ರಕ್ಷಣೆ, ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುತ್ತದೆ. ಯಾರೂ ತೆರೆಯದ ಮೇಲ್ ತೆರೆದಂತೆ ದಾಖಲಾಗುತ್ತದೆ. ‘ತೆರೆಯದವರಿಗೆ ಎಸ್ಸೆಮ್ಮೆಸ್’ ಎಂಬ ಕವಲು ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಈ ರಕ್ಷಣೆ ಆನ್ ಇಟ್ಟವರನ್ನು ಬಿಟ್ಟುಬಿಡುತ್ತದೆ. ಕ್ಲಿಕ್ ವಾಸಿ, ಆದರೆ ಅಲ್ಲೂ ಕಚೇರಿ ವಿಳಾಸಗಳಲ್ಲಿ ಭದ್ರತಾ ಬಾಟ್‌ಗಳು ಎಲ್ಲ ಲಿಂಕನ್ನೂ ಒತ್ತಿ ನೋಡುತ್ತವೆ. ಮೇಲ್ ತಲುಪಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಲಿಂಕೂ ಕ್ಲಿಕ್ ಆಗಿದ್ದರೆ ಅದು ಮನುಷ್ಯರಲ್ಲ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ವ್ಯವಸ್ಥೆಗಳು) ಮೂರೂ ಕಡ್ಡಾಯ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, 0.1ರ ಕೆಳಗಿದ್ದರೆ ನೆಮ್ಮದಿ.

ಎಸ್ಸೆಮ್ಮೆಸ್‌ಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿಯಂತೆ ಡಿಎಲ್‌ಟಿ (ಆಪರೇಟರ್‌ಗಳ ಹಂಚಿದ ದಾಖಲೆ ಪುಸ್ತಕ) ನೋಂದಣಿ ಬೇಕು: ಕಂಪನಿ, ಹೆಡರ್ (ಕಳಿಸುವವರ ಹೆಸರಾಗಿ ಕಾಣುವ ಸಂಕೇತ), ಟೆಂಪ್ಲೇಟ್. ನೋಂದಾಯಿಸಿದ ಪಠ್ಯಕ್ಕೂ ಕಳಿಸಿದ್ದಕ್ಕೂ ವೇರಿಯಬಲ್ ಜಾಗ (ಹೆಸರು, ಮೊತ್ತದಂಥ ಬದಲಾಗುವ ಭಾಗ) ಬಿಟ್ಟು ಬೇರೆಲ್ಲಾದರೂ ವ್ಯತ್ಯಾಸವಾದರೆ ಸಂದೇಶ ಆಪರೇಟರ್ ಬಳಿಯೇ ಬಿದ್ದುಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಮೊದಲೇ ಮಂಜೂರಾಗದ ಲಿಂಕ್ ಇರುವ ಸಂದೇಶಗಳಿಗೂ ಅದೇ ಗತಿ. ಜರ್ನಿಯ ವರದಿಯಲ್ಲಿ ಇವು ‘ಕಳಿಸಲಾಗಿದೆ’ ಎಂದೇ ಇರುತ್ತವೆ, ‘ತಲುಪಿದೆ’ ಎಂಬ ಕಾಲಮ್ಮನ್ನು ಬೇರೆಯಾಗಿ ನೋಡಬೇಕು.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೊಂದು ಲೆಕ್ಕ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದಕ್ಕೆ 160 ಅಕ್ಷರ, ಕನ್ನಡಕ್ಕೆ ಬೇಕಾಗುವ ಯೂನಿಕೋಡಿನಲ್ಲಿ 70. ಆ 70ರಲ್ಲಿ ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಎಣಿಕೆ. ‘ನಿಮ್ಮ ಕಾರ್ಟಿನಲ್ಲಿ ಸೀರೆ ಉಳಿದಿದೆ’ ನಮ್ಮ ಕಣ್ಣಿಗೆ 12 ಅಕ್ಷರ, ಎಣಿಕೆಯಲ್ಲಿ ನಡುವಿನ ಜಾಗವೂ ಸೇರಿ 30. ಲಿಂಕ್, ಅಂಗಡಿ ಹೆಸರು ಸೇರಿದರೆ 70 ದಾಟುತ್ತದೆ. ದಾಟಿದರೆ ತುಂಡಿಗೆ 67ರಂತೆ ಎರಡು ಸಂದೇಶದ ಬಿಲ್. ಇದಕ್ಕೆ ಹೆದರಿ ಕನ್ನಡ ಬಿಡಬೇಕಿಲ್ಲ, ಹೆಚ್ಚುವರಿಯಾಗಿ ಬಂದ ಒಂದು ಆರ್ಡರಿಗೆ ತಗುಲಿದ ಖರ್ಚನ್ನು ಭಾಷಾವಾರು ಹೋಲಿಸಿದರೆ ಸಾಕು. ಭಾಷೆಯನ್ನು ಮಾತ್ರ ಫೋನಿನ ಸೆಟ್ಟಿಂಗ್‌ನಿಂದ ಊಹಿಸಬೇಡಿ. ಕನ್ನಡ ಓದುವ ಎಷ್ಟೋ ಜನರ ಫೋನು ಇಂಗ್ಲಿಷಿನಲ್ಲೇ ಇರುತ್ತದೆ. ನೋಂದಣಿಯ ವೇಳೆ ಕೇಳಿ. ಒಪ್ಪಿಗೆ ಪಡೆಯುವಾಗ ಹೇಗೂ ಕೇಳಬೇಕಾಗುತ್ತದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಕನ್ನಡದಂಥ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆನ್ನುತ್ತದೆ, ಹಿಂತೆಗೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕೆಂದೂ ಹೇಳುತ್ತದೆ.

ತಿಂಗಳಿಗೆ 600 ಕಾರ್ಟ್ ಇರುವ ಅಂಗಡಿ

ಮೇಲಿನ ಸೂತ್ರಕ್ಕೆ 600 ಹಾಕಿದರೆ ನಿರಾಸೆಯಾಗುತ್ತದೆ. ಆರು ತಿಂಗಳು ಅರ್ಧಕ್ಕರ್ಧ ನಡೆಸಿದರೂ ಗುಂಪಿಗೆ 1,800 ಮಂದಿ. ಅಷ್ಟರಲ್ಲಿ ಕಾಣಿಸುವುದು ಶೇ. 6ರಿಂದ 8.2ಕ್ಕೆ ಏರುವಂಥ ದೊಡ್ಡ ಬದಲಾವಣೆ ಮಾತ್ರ. ಬಟನ್ ಬಣ್ಣ, ಸಂದೇಶದ ಮೊದಲ ಸಾಲು, 45 ನಿಮಿಷವೋ 60ವೋ ಎಂಬ ಪರೀಕ್ಷೆಗಳಿಗೆ ಇಲ್ಲಿ ಅರ್ಥವಿಲ್ಲ. ಕಂಟ್ರೋಲ್ ಗುಂಪು ಇಡಿ, ಆದರೆ ಅದರ ಅಂಕಿ ನೋಡುವುದು ಅರ್ಧ ವರ್ಷಕ್ಕೊಮ್ಮೆ.

ಬದಲಿಗೆ, 600 ಎಂದರೆ ದಿನಕ್ಕೆ 20. ಅಷ್ಟನ್ನು ಕಣ್ಣಿನಿಂದಲೇ ನೋಡಬಹುದು. ಒಂದು ಶೀಟ್ ತೆರೆದು ಕಾರ್ಟ್ ಐಡಿ, ಪಿನ್ ಕೋಡ್, ಕೊನೆಗೆ ಕಂಡ ಪುಟ, ಆಗ ಕಂಡ ಒಟ್ಟು ಮೊತ್ತ, ಪಾವತಿಯ ಸ್ಥಿತಿ ಬರೆಯುತ್ತಾ ಹೋಗಿ. ಸಾಗಣೆ ಶುಲ್ಕ ಕೊನೆಯ ಪುಟದಲ್ಲಿ ಹಠಾತ್ತನೆ ಕಾಣುತ್ತಿದೆಯೇ, ಯಾವ ಪಿನ್ ಕೋಡ್‌ಗಳಿಗೆ ಕ್ಯಾಷ್ ಆನ್ ಡೆಲಿವರಿ ಸಿಗುತ್ತಿಲ್ಲ, ಯಾವ ಬ್ಯಾಂಕಿನ ಕಾರ್ಡು ಪದೇ ಪದೇ ಬೀಳುತ್ತಿದೆ, ಒಟಿಪಿ ಪುಟದಿಂದ ಹಿಂದೆ ಬಂದವರ ಕಾರ್ಟ್ ಖಾಲಿಯಾಗುತ್ತಿದೆಯೇ. ಇವುಗಳಲ್ಲಿ ಒಂದನ್ನು ಸರಿಪಡಿಸಿದರೂ ಬಿಟ್ಟುಹೋಗುವ ಕಾರ್ಟುಗಳೇ ಕಡಿಮೆಯಾಗುತ್ತವೆ, ಆ ಗ್ರಾಹಕರಿಗೆ ಜರ್ನಿಯ ಸಂದೇಶ ಕಳಿಸುವ ಪ್ರಮೇಯವೇ ಬರುವುದಿಲ್ಲ.